ಎದುರಿನದು ಕಾಣುತ್ತೆ, ಪಕ್ಕದ ಆನೆ ಕಾಣಲ್ಲ

ಹಾನುಬಾಳು ಕಡೆಯ ಒಂದು ಕಾಫಿ ತೋಟದಲ್ಲಿ ಇಪ್ಪತ್ತೆಂಟು ವರ್ಷ ರೈಟರ್ ಆಗಿದ್ದ ಒಬ್ಬರ ಮೇಲೆ ಊರವರಿಗೆ ಎರಡು ದೂರು ಇದ್ದವು. ಒಂದು, ಮನುಷ್ಯನಿಗೆ ವಯಸ್ಸಾದ ಮೇಲೆ ದೊಡ್ಡಸ್ತಿಕೆ ಬಂದಿದೆ, ಪಕ್ಕದಲ್ಲೇ ನಿಂತು ನಮಸ್ಕಾರ ಅಂದರೂ ತಿರುಗಿ ನೋಡಲ್ಲ. ಇನ್ನೊಂದು, ಸಂಜೆ ಹೊತ್ತು ‘ಹಾಕಿಕೊಂಡು’ ಬರ್ತಾರೆ, ಇಲ್ಲದಿದ್ದರೆ ದಿನಾ ಓಡಾಡೋ ದಾರೀಲಿ ಎಡವೋದ್ಯಾಕೆ? ಅವರು ಜೀವಮಾನದಲ್ಲಿ ಒಂದು ತೊಟ್ಟು ಮುಟ್ಟಿದವರಲ್ಲ. ಹಾಜರಿ ಪುಸ್ತಕದ ಸಣ್ಣ ಅಕ್ಷರವನ್ನು ಕನ್ನಡಕ ಏರಿಸಿ ಸಲೀಸಾಗಿ ಓದುತ್ತಿದ್ದರು. ಹಾಗಾಗಿ ಕಣ್ಣಿನ ಮೇಲೆ ಯಾರಿಗೂ ಅನುಮಾನ ಬರಲಿಲ್ಲ. ಮನೆಯವರಾದ ನಮಗೂ ಬರಲಿಲ್ಲ. ಆ ರೈಟರು ನನ್ನ ತಂದೆ.

ಒಂದು ಸಲ ಕಣ್ಣಿನ ಕ್ಯಾಂಪಿಗೆ ಕರೆದುಕೊಂಡು ಹೋಗಿದ್ದೆ. ಯಾರು ನಡೆಸಿದ್ದು, ಎಲ್ಲಿ ಅನ್ನೋದು ಈಗ ಬೇಡ. ಶಾಮಿಯಾನ, ಬ್ಯಾನರ್, ಹಾರ, ಭಾಷಣ ಎಲ್ಲಾ ಇತ್ತು. ಸಾಲಿನಲ್ಲಿ ನಿಲ್ಲಿಸಿ ಟಾರ್ಚ್ ಬಿಟ್ಟು ನೋಡಿದರು. "ಪೊರೆ ಇನ್ನೂ ಬಲಿತಿಲ್ಲ ಯಜಮಾನ್ರೇ, ಆರು ತಿಂಗಳು ಬಿಟ್ಟು ಬನ್ನಿ" ಅಂದರು. ಅಪ್ಪ ಪೊರೆ ಬಲಿಯಲಿ ಅಂತ ಎರಡು ವರ್ಷ ಕಾದರು. ಬಲಿಯುತ್ತಿದ್ದದ್ದು ಪೊರೆಯಲ್ಲ. ಹಾಸನದಲ್ಲಿ ಒಬ್ಬ ಡಾಕ್ಟರು ಹನಿ ಹಾಕಿ, ಪಾಪೆ ಅಗಲ ಮಾಡಿ, ಒಳಗೆ ಬಗ್ಗಿ ನೋಡಿದ ದಿನ ಎಡಗಣ್ಣಿನ ನರ ಬಹುತೇಕ ಒಣಗಿಹೋಗಿತ್ತು, ಬಲಗಣ್ಣಿನದು ಅರ್ಧ ಹೋಗಿತ್ತು. ಅವತ್ತು ಮೊದಲ ಸಲ ಗ್ಲಾಕೋಮಾ ಅನ್ನೋ ಹೆಸರು ನಮ್ಮ ಮನೆಗೆ ಬಂತು. ಅಮ್ಮ ಈಗಲೂ ಅದನ್ನು "ಗಲಾಟೆ ಕಾಯ್ಲೆ" ಅಂತಲೇ ಕರೆಯೋದು. ಗಲಾಟೆಯೇ ಇಲ್ಲದ ಕಾಯಿಲೆಗೆ ಈ ಹೆಸರು!

ನಾನು ಪಿಯುಸಿ ಅರ್ಧಕ್ಕೆ ಬಿಟ್ಟವನು. ವಿಜ್ಞಾನ ಹೇಳೋಕೆ ನಾನ್ಯಾವ ಪಂಡಿತ? ಆದರೂ ನಾಲ್ಕಾರು ವರ್ಷ ಕಣ್ಣಾಸ್ಪತ್ರೆ ಬೆಂಚಿನ ಮೇಲೆ ಕೂತು ತಿಳಿದದ್ದನ್ನು ಓದುಗರಿಗೆ ಹೇಳಿಬಿಡುತ್ತೇನೆ. ಕಣ್ಣುಗುಡ್ಡೆಯ ಒಳಗೆ ನೀರಿನಂಥ ಒಂದು ದ್ರವ ಸದಾ ಹುಟ್ಟುತ್ತಿರುತ್ತದೆ. ಅಳುವಾಗ ಬರುವ ಕಣ್ಣೀರಲ್ಲ, ಅದು ಬೇರೆ. ಈ ಒಳನೀರು ಕಣ್ಣಿನ ಮೂಲೆಯಲ್ಲಿರುವ ಜರಡಿಯಂಥ ದಾರಿಯಿಂದ ಹೊರಗೆ ಹೋಗಬೇಕು. ತೂಬು ಕಟ್ಟಿಕೊಂಡರೆ ಕೆರೆಯಲ್ಲಿ ನೀರು ಏರುವುದಿಲ್ಲವೇ, ಹಾಗೆ ಒಳಗೆ ಒತ್ತಡ ಏರುತ್ತದೆ. ಸಾಮಾನ್ಯವಾಗಿ ಈ ಒತ್ತಡ ಪಾದರಸದ ಲೆಕ್ಕದಲ್ಲಿ 10ರಿಂದ 21 ಮಿಲಿಮೀಟರ್ ಇರಬೇಕು. ಹೆಚ್ಚಾದರೆ ಕಣ್ಣಿನಿಂದ ಮಿದುಳಿಗೆ ಹೋಗುವ ನರ ಸ್ವಲ್ಪ ಸ್ವಲ್ಪವೇ ಸಾಯುತ್ತದೆ. ಕೆಲವರಿಗೆ ಒತ್ತಡ ಸರಿಯಾಗಿಯೇ ಇದ್ದರೂ ನರ ಸಾಯುವುದುಂಟು. ಆದ್ದರಿಂದ ಬರೀ ಪ್ರೆಷರ್ ಅಳೆದರೆ ಸಾಲದು, ನರವನ್ನೂ ನೋಡಬೇಕು. ರಕ್ತದ ಬಿಪಿಗೂ ಇದಕ್ಕೂ ಗಂಟು ಹಾಕಬೇಡಿ. "ನನಗೆ ಬಿಪಿ ನಾರ್ಮಲ್" ಅಂತ ಎದೆ ತಟ್ಟಿಕೊಳ್ಳುವವರಿಗೂ ಕಣ್ಣಿನ ಪ್ರೆಷರ್ ಇರಬಹುದು.

ಮೋಸ ಇರುವುದು ಇಲ್ಲೇ. ನೋವಿಲ್ಲ, ಕೆಂಪಿಲ್ಲ, ತುರಿಕೆ ಇಲ್ಲ. ಮೊದಲು ಹೋಗುವುದು ಪಕ್ಕದ ನೋಟ. ನಡುವಿನ ನೋಟ ಕಟ್ಟಕಡೆಯವರೆಗೂ ಉಳಿಯುತ್ತದೆ. ಒಂದು ಕಣ್ಣಿನ ಕೊರತೆಯನ್ನು ಇನ್ನೊಂದು ಮುಚ್ಚಿಹಾಕುತ್ತದೆ, ಮಿದುಳು ಖಾಲಿ ಜಾಗವನ್ನು ಏನೋ ತುಂಬಿ ಸರಿಮಾಡಿಕೊಳ್ಳುತ್ತದೆ. ರೋಗಿಗೆ ಕತ್ತಲೆಯೇ ಕಾಣುವುದಿಲ್ಲ, ಕಾಣದೇ ಇರುವುದು ಇದೆ ಅನ್ನೋದೇ ಗೊತ್ತಾಗುವುದಿಲ್ಲ. ಹೋದದ್ದು ಹೋಯಿತು, ಯಾವ ಔಷಧಿ, ಯಾವ ಆಪರೇಷನ್ನೂ ಅದನ್ನು ವಾಪಸು ತರುವುದಿಲ್ಲ. ಉಳಿದದ್ದನ್ನು ಉಳಿಸಿಕೊಳ್ಳಬಹುದು, ಅಷ್ಟೇ. ನಮ್ಮ ದೇಶದಲ್ಲಿ ನಲವತ್ತು ದಾಟಿದವರಲ್ಲಿ ಸುಮಾರು 1.12 ಕೋಟಿ ಜನರಿಗೆ ಈ ರೋಗ ಇದೆಯೆಂದು 2010ರಲ್ಲಿ ತಜ್ಞರು ಅಂದಾಜು ಮಾಡಿದ್ದರು. ತಮಿಳುನಾಡಿನ ಹಳ್ಳಿಗಳಲ್ಲಿ ನಡೆದ ದೊಡ್ಡ ಸರ್ವೆಗಳಲ್ಲಿ ರೋಗ ಸಿಕ್ಕಿದ ಹತ್ತು ಮಂದಿಯಲ್ಲಿ ಒಂಬತ್ತಕ್ಕೂ ಹೆಚ್ಚು ಜನಕ್ಕೆ ಅದು ತಮಗಿದೆ ಅಂತ ಮೊದಲು ಗೊತ್ತೇ ಇರಲಿಲ್ಲ. ನಮ್ಮ ಸಕಲೇಶಪುರ, ಆಲೂರಿನ ಗುಡ್ಡಗಳಲ್ಲಿ ಬೇರೆ ಥರ ಇರುತ್ತೆ ಅಂತ ನಂಬೋಕೆ ನನಗಂತೂ ಕಾರಣ ಕಾಣುವುದಿಲ್ಲ.

ಬಯಲುಸೀಮೆಯಲ್ಲಿ ಪಕ್ಕದ ನೋಟ ಹೋದರೆ ಎಮ್ಮೆಗೋ ಸೈಕಲ್ಲಿಗೋ ಡಿಕ್ಕಿ ಹೊಡೆಯಬಹುದು. ನಮ್ಮಲ್ಲಿ? 2013-14ರಲ್ಲಿ ಇದೇ ಆಲೂರು-ಸಕಲೇಶಪುರ ಭಾಗದಿಂದ 22 ಕಾಡಾನೆ ಹಿಡಿದು ಸಾಗಿಸಿದರು. ಆಮೇಲೂ ಆನೆ ಕಡಿಮೆಯಾಗಲಿಲ್ಲ. ಅಂಬಾರಿ ಹೊತ್ತ ಅರ್ಜುನನೇ 2023ರ ಡಿಸೆಂಬರ್ 4ರಂದು ಯಸಳೂರು ವಲಯದಲ್ಲಿ ಕಾಡಾನೆಯ ತಿವಿತಕ್ಕೆ ಸಿಕ್ಕಿ ಸತ್ತ. ಅಂಥ ಜಾಗದಲ್ಲಿ ಬೆಳಗಿನ ಮಂಜಿನಲ್ಲಿ ಲೈನು ಮನೆಯಿಂದ ಕೆಲಸಕ್ಕೆ ಹೊರಡುವ ಆಳಿನ ಜೀವ ಉಳಿಸುವುದೇ ಕಣ್ಣಂಚಿನ ನೋಟ. ಕಾಫಿ ಗಿಡದ ಸಂದಿಯಲ್ಲಿ ಕಪ್ಪಗೆ ಏನೋ ಅಲ್ಲಾಡಿತು ಅಂತ ಮೊದಲು ಹೇಳುವುದು ಅದೇ. ಆನೆ ಬಂದಿದೆ ಅಂತ ಅರಣ್ಯ ಇಲಾಖೆಯವರು ಮೊಬೈಲಿಗೆ ಮೆಸೇಜು ಕಳಿಸುತ್ತಾರೆ, ಒಳ್ಳೆಯದೇ. ಮೆಸೇಜು ಓದಲು ನಡುವಿನ ನೋಟ ಸಾಕು. ಆನೆಯನ್ನು ನೋಡಲು ಸಾಲದು.

ಬಾಳ್ಳುಪೇಟೆ ಹತ್ತಿರದ ಒಬ್ಬ ಕೂಲಿಯಾಳು, ನಲವತ್ತೈದು ದಾಟಿರಬೇಕು, ಮೆಣಸು ಕೊಯ್ಯುವುದರಲ್ಲಿ ಎತ್ತಿದ ಕೈ. ಏಣಿ ಮೇಲೆ ನಿಂತರೆ ಇಳಿಯೋದೇ ಇಲ್ಲ ಅನ್ನುವಂಥವನು. ಎರಡು ಸಲ ಏಣಿಯ ಮೆಟ್ಟಿಲು ತಪ್ಪಿ ಬಿದ್ದ. ಈಗ ಅವನಿಗೆ ಗಂಡಾಳಿನ ಕೆಲಸ ಕೊಡುವುದಿಲ್ಲ, ಕಣದಲ್ಲಿ ಕಾಫಿ ಕೆದಕಲು ಹಾಕಿದ್ದಾರೆ. ಹಾಜರಿ ಕಮ್ಮಿ. ಬಿಸಿಲಿಗೆ ಕಣದ ಝಳ ಹೊಡೆದು ಒಳಗೆ ಬಂದರೆ ಹತ್ತು ನಿಮಿಷ ಏನೂ ಕಾಣುವುದಿಲ್ಲ ಅಂತಾನೆ. "ಅಣ್ಣಾ, ಕುರುಡ ಆಗಿದ್ರೆ ಜನ ಕೈ ಹಿಡ್ದು ದಾಟಿಸ್ತಿದ್ರು. ನಾನು ಅರೆಬರೆ ಆಗ್ಬಿಟ್ಟಿವ್ನಿ. ನಂಗೆ ಕಾಣಾಕಿಲ್ಲ ಅಂದ್ರೆ ಯಾರೂ ನಂಬಾಕಿಲ್ಲ" ಅಂದ. ಈ ಮಾತು ಕೇಳಿದ ಮೇಲೆ ಈ ಅಂಕಣ ಬರೆಯಬೇಕು ಅಂತ ತೀರ್ಮಾನ ಮಾಡಿದೆ.

ಹೆಂಗಸರ ಪಾಡು ಇನ್ನೊಂದು ಥರ. ಅವರು ಬಿದ್ದರೆ ಮನೆಯೊಳಗೇ ಬೀಳುತ್ತಾರೆ, ಸುದ್ದಿಯಾಗುವುದಿಲ್ಲ. ಮಳೆಗಾಲದಲ್ಲಿ ಪಾಚಿ ಕಟ್ಟಿದ ಬಚ್ಚಲ ಮೆಟ್ಟಿಲು, ಕತ್ತಲೆ ಅಡಿಗೆಮನೆ, ಹೊಸ್ತಿಲು. ಮದುವೆ ಮನೆಯಲ್ಲಿ ಬಡಿಸುವಾಗ ಎಲೆ ಬಿಟ್ಟು ಪಕ್ಕಕ್ಕೆ ಸಾರು ಹಾಕಿದರು ಅಂತ ನಕ್ಕರೆ, ಆ ಹೆಂಗಸು ಮುಂದಿನ ಮದುವೆಗೆ ಹೋಗುವುದಿಲ್ಲ. ಆಮೇಲೆ ಜಾತ್ರೆಗೂ ಹೋಗುವುದಿಲ್ಲ. "ಅವರಿಗೀಗ ಎಲ್ಲೂ ಬರೋಕೆ ಮನಸಿಲ್ಲ" ಅಂತ ಮನೆಯವರು ಅನ್ನುತ್ತಾರೆ. ಮನಸ್ಸಲ್ಲ ಸ್ವಾಮಿ, ಕಣ್ಣು.

ಇನ್ನು ಹನಿಯ ಕಥೆ. ಒಂದು ಕಾಲದಲ್ಲಿ ಪೈಲೋಕಾರ್ಪಿನ್ ಹನಿಯನ್ನು ದಿನಕ್ಕೆ ನಾಲ್ಕು ಸಲ ಬಿಡಬೇಕಿತ್ತು. 1978ರ ಸುಮಾರಿಗೆ ಟಿಮೊಲಾಲ್ ಬಂತು, ದಿನಕ್ಕೆ ಎರಡು ಸಲ ಸಾಕು. 1996ರಲ್ಲಿ ಲಟಾನೊಪ್ರೊಸ್ಟ್ ಬಂದ ಮೇಲೆ ರಾತ್ರಿ ಮಲಗುವಾಗ ಒಂದೇ ಹನಿ. ಕೇಳೋಕೆ ಎಷ್ಟು ಸುಲಭ! ಆದರೆ ಆ ಸೀಸೆಯನ್ನು ತೆರೆಯುವ ಮುಂಚೆ ಫ್ರಿಜ್ಜಿನಲ್ಲಿ ಇಡಬೇಕು. ಲೈನು ಮನೆಯಲ್ಲಿ ಫ್ರಿಜ್ಜು ಎಲ್ಲಿಂದ ಬರಬೇಕು? ಇದ್ದರೂ ಜುಲೈ ಮಳೆಯಲ್ಲಿ ಹೆತ್ತೂರು, ವನಗೂರು ಕಡೆ ಕರೆಂಟು ಹೋದರೆ ಬರೋದು ಲೈನ್‌ಮನ್ ಪುಣ್ಯ. ತೆರೆದ ಮೇಲೆ ತಂಪು ಜಾಗದಲ್ಲಿ ನಾಲ್ಕಾರು ವಾರ ಇಡಬಹುದು, ನಮ್ಮ ಮಲೆನಾಡಿನ ಹವೆಗೆ ಅದು ಕಷ್ಟವಲ್ಲ. ನಮ್ಮಮ್ಮ ಒದ್ದೆ ಬಟ್ಟೆ ಸುತ್ತಿದ ಮಡಕೆ ಪಕ್ಕ ಗೂಡಿನಲ್ಲಿ ಇಡುತ್ತಾರೆ. ಕೆಲವು ಸೀಸೆಗೆ ಒಂದು ದಿನದ ಹಾಜರಿಯೇ ಹೋಗುತ್ತದೆ. ಎರಡು ಮೂರು ಥರದ ಹನಿ ಬರೆದಿದ್ದರೆ ಲೆಕ್ಕ ನೀವೇ ಹಾಕಿಕೊಳ್ಳಿ. ಅದು ತಿಂಗಳು ತಿಂಗಳೂ, ಸಾಯೋವರೆಗೂ. ಅರ್ಧ ಹನಿ ಕೆನ್ನೆ ಮೇಲೆ ಹೋಗುತ್ತೆ. ಗುದ್ದಲಿ ಹಿಡಿದು ಒರಟಾದ ಕೈಯಲ್ಲಿ, ನಡುಗುವ ಬೆರಳಲ್ಲಿ ಆ ಪುಟ್ಟ ಸೀಸೆ ಒತ್ತಿ ನೋಡಿ, ಗೊತ್ತಾಗುತ್ತೆ.

ಹನಿ ಬಿಟ್ಟರೆ ದೃಷ್ಟಿ ಜಾಸ್ತಿಯಾಗುವುದಿಲ್ಲ, ಕಣ್ಣು ಸ್ವಲ್ಪ ಉರಿಯುತ್ತೆ, ಕೆಂಪಗಾಗುತ್ತೆ. ಬಿಡದೇ ಇದ್ದರೆ ಅವತ್ತಿಗೆ ಏನೂ ಆಗುವುದಿಲ್ಲ. ಹೀಗಿರುವಾಗ ಯಾವ ಮನುಷ್ಯ ತಾನೇ ಮುಂದುವರಿಸುತ್ತಾನೆ? ಅಪ್ಪನೇ ಒಂದು ಮಳೆಗಾಲ ನಮಗೆ ಹೇಳದೆ ನಿಲ್ಲಿಸಿಬಿಟ್ಟಿದ್ದರು. ಕೇಳಿದರೆ "ದುಡ್ಡು ಸುಮ್ನೆ ಕಣ್ಣಿಗೆ ಹೊಯ್ದಂಗೆ ಆಯ್ತಲ್ಲೋ, ಏನು ಉಪಯೋಗ?" ಅಂದರು. ಆ ಮೂರು ತಿಂಗಳಲ್ಲಿ ಹೋದದ್ದು ಹೋಯಿತು. ಅವರನ್ನು ಬೈದು ಫಲವಿಲ್ಲ. ಇದನ್ನು ಕೂತು ಬಿಡಿಸಿ ಹೇಳುವವರು ಆಸ್ಪತ್ರೆಯಲ್ಲಿ ಇರಲಿಲ್ಲ, ಡಾಕ್ಟರ ಬಾಗಿಲಲ್ಲಿ ಅರವತ್ತು ಜನ ನಿಂತಿದ್ದರು.

ಎರಡು ಎಚ್ಚರಿಕೆಯನ್ನು ಇಲ್ಲೇ ಹೇಳಿಬಿಡಬೇಕು. ಟಿಮೊಲಾಲ್ ಹನಿ ಉಬ್ಬಸದವರಿಗೆ, ನಾಡಿ ನಿಧಾನ ಇರುವವರಿಗೆ ಆಗಿಬರುವುದಿಲ್ಲ. ನಮ್ಮ ಥಂಡಿ ಸೀಮೆಯಲ್ಲಿ ಉಬ್ಬಸದವರು ಎಷ್ಟು ಜನ ಅಂತ ಬೇರೆ ಹೇಳಬೇಕೇ? ಕಣ್ಣಿನ ಡಾಕ್ಟರು ಕೇಳದಿದ್ದರೂ ನೀವೇ ಬಾಯಿಬಿಟ್ಟು ಹೇಳಿ. ಇನ್ನೊಂದು, ಕಣ್ಣು ಕೆಂಪಾಯಿತು ಅಂತ ಚೀಟಿ ಇಲ್ಲದೆ ಮೆಡಿಕಲ್ ಶಾಪಿನಲ್ಲಿ ಹನಿ ತಂದು ತಿಂಗಳುಗಟ್ಟಲೆ ಬಿಡುವ ಚಟ. ಅದರಲ್ಲಿ ಸ್ಟೀರಾಯ್ಡ್ ಇದ್ದರೆ ಕಣ್ಣಿನ ಒತ್ತಡ ಏರಿ ಇದೇ ರೋಗ ತಾನಾಗಿ ಬರುತ್ತದೆ. ಮಂಡಿನೋವಿಗೆ ಸ್ಟೀರಾಯ್ಡ್ ಮಾತ್ರೆ ನುಂಗುವವರಿಗೂ ಇದೇ ಮಾತು. ಅಪರೂಪಕ್ಕೆ ಇದೇ ಕಾಯಿಲೆ ಗಲಾಟೆ ಮಾಡಿಕೊಂಡೂ ಬರುತ್ತದೆ: ಒಂದೇ ಸಲ ಕಣ್ಣು ಸಿಡಿಯುವ ನೋವು, ಬಲ್ಬಿನ ಸುತ್ತ ಕಾಮನಬಿಲ್ಲಿನಂಥ ಬಳೆ, ವಾಂತಿ. ನಮ್ಮ ಜನ ಪಿತ್ತ ಅಂತ ನಿಂಬೆಹಣ್ಣಿನ ಪಾನಕ ಕುಡಿಸಿ ಮಲಗಿಸುತ್ತಾರೆ. ಅವತ್ತೇ ಆಸ್ಪತ್ರೆಗೆ ಓಡದಿದ್ದರೆ ಆ ಕಣ್ಣು ಹೋಯಿತು ಅಂತಲೇ ತಿಳಿಯಿರಿ.

ಈಗ ಕ್ಯಾಂಪುಗಳ ವಿಚಾರ. ಕರ್ನಾಟಕದಲ್ಲಿ ಕಣ್ಣಿನ ಕ್ಯಾಂಪು ಅಂದರೆ ಡಾ. ಎಂ.ಸಿ. ಮೋದಿಯವರ ಹೆಸರು ಬರಲೇಬೇಕು. ಒಂದೇ ದಿನ 833 ಪೊರೆ ಆಪರೇಷನ್ ಮಾಡಿ ಗಿನ್ನೆಸ್ ಪುಸ್ತಕ ಸೇರಿದ ಮಹಾನುಭಾವರು, 2005ರಲ್ಲಿ ತೀರಿಕೊಂಡರು. ಊರೂರಿಗೆ ಹೋಗಿ ಬಡವರಿಗೆ ಬೆಳಕು ಕೊಟ್ಟ ಅವರ ದಾರಿಗೆ ಕೈ ಮುಗಿಯಬೇಕು. 1976ರಲ್ಲಿ ಕೇಂದ್ರ ಸರ್ಕಾರ ಅಂಧತ್ವ ನಿವಾರಣೆಯ ರಾಷ್ಟ್ರೀಯ ಕಾರ್ಯಕ್ರಮ ಶುರು ಮಾಡಿದಾಗಲೂ ಮುಖ್ಯ ಶತ್ರು ಪೊರೆಯೇ. ಅದರಿಂದ ಲಕ್ಷಾಂತರ ಜನಕ್ಕೆ ಉಪಕಾರ ಆಗಿದೆ, ಇಲ್ಲ ಅಂದವರಾರು? ಆದರೆ ಪೊರೆಯ ಲೆಕ್ಕ ಸುಲಭ. ಇಷ್ಟು ಜನ ಬಂದರು, ಇಷ್ಟು ಆಪರೇಷನ್ ಆಯಿತು, ಪಟ್ಟಿ ಬಿಚ್ಚಿದರು, ಅಜ್ಜಿ ಮೊಮ್ಮಗನ ಮುಖ ನೋಡಿ ಅತ್ತಳು, ಫೋಟೋ ಪೇಪರಿಗೆ ಬಂತು. ಆ ಫೋಟೋ ನಾವೂ ಹಾಕಿದ್ದೇವೆ, ನಾನೇ ತೆಗೆದದ್ದೂ ಇದೆ. ಗ್ಲಾಕೋಮಾಕ್ಕೆ ಫೋಟೋ ಇಲ್ಲ. ಚೆನ್ನಾಗಿ ಚಿಕಿತ್ಸೆ ಆದ ರೋಗಿ ಹತ್ತು ವರ್ಷದ ನಂತರವೂ ಅವತ್ತು ಇದ್ದ ಹಾಗೇ ಇರುತ್ತಾನೆ. ಅದೇ ಗೆಲುವು. ಇಂಥ ಗೆಲುವಿಗೆ ಯಾವ ಮಂತ್ರಿ ರಿಬ್ಬನ್ ಕತ್ತರಿಸಲು ಬರುತ್ತಾರೆ?

ಆಪರೇಷನ್ನಿನಲ್ಲೂ ಇದೇ ತಕರಾರು. ಹನಿಗೆ ಬಗ್ಗದ ಒತ್ತಡಕ್ಕೆ ಕಣ್ಣಿನಲ್ಲಿ ಹೊಸ ತೂಬು ಕೊರೆಯುವ ಶಸ್ತ್ರಚಿಕಿತ್ಸೆ 1968ರಿಂದ ನಡೆದುಬಂದಿದೆ. ಅದು ನರ ಉಳಿಸಲು ಮಾಡುವುದು. ನಮ್ಮ ಜನ ಪೊರೆಯ ಆಪರೇಷನ್ ನೋಡಿ ನೋಡಿ, ಇದಾದ ಮೇಲೂ ಕಣ್ಣು ಫಳಫಳ ಕಾಣಬೇಕು ಅಂತ ಕಾಯುತ್ತಾರೆ. ಕಾಣದಿದ್ದರೆ ಡಾಕ್ಟರ್ ಕೆಡಿಸಿದ ಅಂತ ಊರೆಲ್ಲ ಹೇಳುತ್ತಾರೆ, ಆಮೇಲೆ ನಾಲ್ಕು ಜನ ಹೆದರಿ ಹೋಗುವುದಿಲ್ಲ.

ಹಾಸನದ ಜಿಲ್ಲಾಸ್ಪತ್ರೆಗೆ 2006ರಿಂದ ಮೆಡಿಕಲ್ ಕಾಲೇಜಿನ ಬಲ ಬಂದಿದೆ. ಸಕಲೇಶಪುರದಲ್ಲಿ ಕ್ರಾಫರ್ಡ್ ಆಸ್ಪತ್ರೆ ಇದೆ, ಆಲೂರಲ್ಲೂ ತಾಲ್ಲೂಕು ಆಸ್ಪತ್ರೆ ಇದೆ. ಆಲೂರಿನವರಿಗೆ ಹಾಸನ ಒಂದು ಓಟ. ಬಿಸಲೆ ಪಕ್ಕದವರಿಗೆ, ಯಸಳೂರಿನವರಿಗೆ ಹಾಗಲ್ಲ. ಬೆಳಿಗ್ಗೆ ಬಸ್ಸು ಹತ್ತಿದರೆ ಪಾಪೆಗೆ ಹನಿ ಹಾಕಿಸಿಕೊಂಡು, ಕಣ್ಣು ಮಂಜಾಗಿ, ರಾತ್ರಿ ಆನೆ ದಾರಿಯಲ್ಲಿ ವಾಪಸು ನಡೆಯಬೇಕು. 2023ರ ಜೂನ್ 11ರಿಂದ ಹೆಂಗಸರಿಗೆ ಬಸ್ಸು ಫ್ರೀ, ಅದರಿಂದ ಎಷ್ಟೋ ಅಜ್ಜಿಯರು ತಪಾಸಣೆಗೆ ಹೋಗುತ್ತಿದ್ದಾರೆ, ನಾನೇ ಕಂಡಿದ್ದೇನೆ. ಜೊತೆಗೆ ಬರುವ ಮಗನಿಗೆ ಒಂದು ದಿನದ ಹಾಜರಿಯೂ ಹೋಯಿತು, ಟಿಕೆಟ್ಟೂ ಹೋಯಿತು. ಘಟ್ಟ ಇಳಿದು ಮಂಗಳೂರಿಗೆ ಹೋಗುವವರದ್ದು ಇನ್ನೂ ಚಂದ. 2018ರಲ್ಲೂ 2024ರಲ್ಲೂ ಗುಡ್ಡ ಕುಸಿದು ಶಿರಾಡಿ ದಾರಿ ನಿಂತಾಗ ತಪಾಸಣೆ ತಾರೀಕು ಸುಮ್ಮನೆ ಕಳೆದುಹೋಯಿತು.

ಮನೆಮನೆಗೆ ಹೋಗಿ ಕಣ್ಣು ನೋಡುವ ‘ಆಶಾಕಿರಣ’ ಯೋಜನೆಯನ್ನು ರಾಜ್ಯ ಸರ್ಕಾರ 2023ರಲ್ಲಿ ಶುರು ಮಾಡಿದಾಗ ಮೊದಲ ಹಂತದಲ್ಲಿ ಇದ್ದದ್ದು ಚಿಕ್ಕಬಳ್ಳಾಪುರ, ಕಲಬುರಗಿ, ಹಾವೇರಿ, ಚಾಮರಾಜನಗರ. ಹಾಸನ ಇರಲಿಲ್ಲ. ದೊಡ್ಡ ದೊಡ್ಡ ನಾಯಕರನ್ನು ರಾಜ್ಯಕ್ಕೂ ದೇಶಕ್ಕೂ ಕೊಟ್ಟ ಜಿಲ್ಲೆ ನಮ್ಮದು ಅಂತ ವೇದಿಕೆ ಮೇಲೆ ಹೇಳಿಕೊಳ್ಳುತ್ತೇವಲ್ಲ, ಇರಲಿ.

ಅಂಗವಿಕಲ ಸರ್ಟಿಫಿಕೇಟಿನ ಕಥೆ ಕೇಳಿದರೆ ನಗಬೇಕೋ ಅಳಬೇಕೋ ತಿಳಿಯುವುದಿಲ್ಲ. ಮೊದಲು ಹೇಳಿದ ಮೆಣಸಿನ ಆಳು ಒಂದು ಕಚೇರಿಗೆ ಹೋದ. ಗೋಡೆ ಮೇಲಿನ ಅಕ್ಷರದ ಬೋರ್ಡ್ ಓದಿಸಿದರು. ಪಾಪ, ಇದ್ದದ್ದನ್ನು ಇದ್ದ ಹಾಗೆ ಓದಿಬಿಟ್ಟ. "ಕೆಳಗಿನ ಸಾಲೂ ಓದ್ತೀಯಲ್ಲಯ್ಯ, ನಿನಗ್ಯಾಕೆ ಸರ್ಟಿಫಿಕೇಟು?" ಅಂತ ಕಳಿಸಿದರು. ಅವನು ವಾಪಸು ಹೋಗುವಾಗ ಬಾಗಿಲ ಪಕ್ಕದ ಬೆಂಚಿಗೆ ಮಂಡಿ ಹೊಡೆದುಕೊಂಡ. ಆದರೆ 2016ರ ಅಂಗವಿಕಲರ ಹಕ್ಕುಗಳ ಕಾಯಿದೆ ಸ್ಪಷ್ಟವಾಗಿ ಹೇಳುತ್ತದೆ: ಅಕ್ಷರ ಓದುವುದೊಂದೇ ಅಳತೆಯಲ್ಲ. ನೋಟದ ಹರವು 40 ಡಿಗ್ರಿಗಿಂತ ಕಡಿಮೆಯಾಗಿ 10 ಡಿಗ್ರಿವರೆಗೆ ಇಳಿದಿದ್ದರೆ ಅದು ಮಂದದೃಷ್ಟಿ. 10ಕ್ಕಿಂತ ಕಡಿಮೆಯಾದರೆ ಕಾನೂನಿನ ಪ್ರಕಾರ ಅಂಧತ್ವವೇ. ಇದನ್ನು ಅಳೆಯಲು ಯಂತ್ರ ಇದೆ. ಬಟ್ಟಲಿನಂಥದ್ದರೊಳಗೆ ಮುಖ ಇಟ್ಟು ಬೆಳಕಿನ ಚುಕ್ಕಿ ಕಂಡಾಗ ಗುಂಡಿ ಒತ್ತುವುದು. ಬೋರ್ಡ್ ಓದಿದೆ ಅಂತ ವಾಪಸು ಕಳಿಸಿದರೆ "ಫೀಲ್ಡ್ ಟೆಸ್ಟ್ ಮಾಡಿಸಿ" ಅಂತ ಅಲ್ಲೇ ನಿಂತು ಕೇಳಿ. ಅದು ಭಿಕ್ಷೆಯಲ್ಲ. ಪಿಂಚಣಿ, ಬಸ್ ಪಾಸು ಎಲ್ಲಾ ಅದರ ಮೇಲೆ ನಿಂತಿದೆ.

ನನ್ನ ಬೇಡಿಕೆ ದೊಡ್ಡದಲ್ಲ. ಕ್ಯಾಂಪು ನಡೆಸುವ ಸಂಘದವರು ಹಾರ, ಶಾಲಿನ ಖರ್ಚು ಬಿಟ್ಟು ಕಣ್ಣಿನ ಒತ್ತಡ ಅಳೆಯುವವರನ್ನೂ ನರ ನೋಡಬಲ್ಲ ಡಾಕ್ಟರನ್ನೂ ಕರೆತರಲಿ, ನಲವತ್ತು ದಾಟಿದ ಎಲ್ಲರನ್ನೂ ನೋಡಲಿ. ತಾಲ್ಲೂಕು ಆಸ್ಪತ್ರೆಗಳಲ್ಲಿ ಹನಿ ತಿಂಗಳಿಗೊಮ್ಮೆ ತಪ್ಪದೆ ಸಿಗಲಿ, ಒಂದು ತಿಂಗಳು ಇದ್ದು ಎರಡು ತಿಂಗಳು ಇಲ್ಲ ಅನ್ನೋ ಔಷಧಿ ಇದಲ್ಲ. ಶುಗರ್ ಕಾಯಿಲೆಗೆ, ಬಿಪಿಗೆ ಮನೆಮನೆಗೆ ಹೋಗಿ ವಿಚಾರಿಸುವ ಆಶಾ ಕಾರ್ಯಕರ್ತೆಯರ ಪುಸ್ತಕದಲ್ಲಿ ಕಣ್ಣಿನ ಪ್ರೆಷರ್ ಇರುವವರ ಹೆಸರಿಗೂ ಒಂದು ಪುಟ ಇರಲಿ. ತೋಟದ ಸಾಹುಕಾರರಿಗೂ ಒಂದು ಮಾತು. ತೋಟದ ಆಳಿಗೆ ವೈದ್ಯಕೀಯ ಸೌಲಭ್ಯ ಕೊಡಬೇಕು ಅಂತ 1951ರ ತೋಟ ಕಾರ್ಮಿಕರ ಕಾಯಿದೆಯಲ್ಲೇ ಬರೆದಿತ್ತು. ಕಾಯಿದೆ ಬದಲಾಗುತ್ತಾ ಹೋಗುತ್ತದೆ, ಆಳಿನ ಕಣ್ಣು ಅದೇ. ಕುಯ್ಲಿಗೆ ಮುಂಚೆ ವರ್ಷಕ್ಕೊಂದು ದಿನ ಜೀಪು ಕೊಟ್ಟು ಕಣ್ಣು ತೋರಿಸಿ ತಂದರೆ ನಿಮ್ಮ ಮೆಣಸಿನ ಏಣಿಯಿಂದ ಬೀಳುವವರೂ ಕಡಿಮೆಯಾಗುತ್ತಾರೆ.

ಸರ್ಕಾರ ಮಾಡುವವರೆಗೆ ಮನೆಯಲ್ಲಿ ಆಗುವುದನ್ನು ಮಾಡಬಹುದು. ಅಮ್ಮ ನಮ್ಮ ಮನೆ ಮೆಟ್ಟಿಲುಗಳ ಅಂಚಿಗೆಲ್ಲ ಸುಣ್ಣದ ಪಟ್ಟಿ ಎಳೆದಿದ್ದಾರೆ. ಬಚ್ಚಲಿಗೆ ಹೋಗುವ ದಾರಿಯಲ್ಲಿ ರಾತ್ರಿಯಿಡೀ ಒಂದು ಬಲ್ಬು. ಚೊಂಬು, ಮಣೆ ದಾರಿಯಲ್ಲಿ ಬಿಟ್ಟರೆ ಮೊಮ್ಮಕ್ಕಳಿಗೆ ಏಟು. ಅಪ್ಪ ನಡೆಯುವಾಗ ಕೊಕ್ಕರೆ ಥರ ಕತ್ತು ಆ ಕಡೆ ಈ ಕಡೆ ತಿರುಗಿಸುತ್ತಾ ಹೋಗೋದು ಕಲಿತಿದ್ದಾರೆ. ಡಾಕ್ಟರೇ ಹೇಳಿಕೊಟ್ಟಿದ್ದು. ಹನಿ ಬಿಟ್ಟ ಮೇಲೆ ಮೂಗಿನ ಪಕ್ಕದ ಕಣ್ಣಿನ ಮೂಲೆಯನ್ನು ಎರಡು ನಿಮಿಷ ಒತ್ತಿ ಹಿಡಿಯಬೇಕು, ಎರಡನೇ ಹನಿಗೆ ಐದು ನಿಮಿಷ ಬಿಡಬೇಕು. ರಾತ್ರಿ ವಾರ್ತೆ ಶುರುವಾದರೆ ಒಂದು, ಮುಗಿಯೋದರೊಳಗೆ ಇನ್ನೊಂದು. ಊರವರಿಗೆ ನಾನೇ ಹೇಳಿದ್ದೇನೆ, ಎದುರಿಗೆ ಬಂದು ಮಾತಾಡಿಸಿ, ಪಕ್ಕದಿಂದ ಕರೀಬೇಡಿ ಅಂತ. ಈಗ ದೊಡ್ಡಸ್ತಿಕೆಯ ದೂರು ನಿಂತಿದೆ. ಬಸ್ ಸ್ಟ್ಯಾಂಡಿನ ಕಟ್ಟೆ ಮೇಲೆ ಕೂತು ಹಳೇ ಸ್ನೇಹಿತರ ಜೊತೆ ಕಾಫಿ ರೇಟು ಮಾತಾಡುತ್ತಾರೆ.

ಕೊನೆಗೆ ನಮ್ಮದೇ ವಿಷಯ. ತಂದೆ ತಾಯಿಗೆ, ಒಡಹುಟ್ಟಿದವರಿಗೆ ಈ ರೋಗ ಇದ್ದರೆ ನಮಗೆ ಬರುವ ಸಂಭವ ಉಳಿದವರಿಗಿಂತ ಹಲವು ಪಟ್ಟು ಹೆಚ್ಚು. ಇದನ್ನು ಡಾಕ್ಟರು ಹೇಳಿ ನಾಲ್ಕು ವರ್ಷ ಆಯಿತು. ಊರಿಗೆಲ್ಲ ಬುದ್ಧಿ ಹೇಳುವ ಈ ವರದಿಗಾರ ತನ್ನ ಕಣ್ಣು ತೋರಿಸಿದ್ದು ಕಳೆದ ತಿಂಗಳು. ಸದ್ಯಕ್ಕೆ ಸರಿಯಿದೆ, ವರ್ಷಕ್ಕೊಮ್ಮೆ ಬಾ ಅಂದರು. ಅಕ್ಕ ಬೇಲೂರಿನಿಂದ ಮುಂದಿನ ವಾರ ಬರುತ್ತಾಳೆ. ಅಣ್ಣನಿಗೆ ನಲವತ್ತೆರಡು, ಜೀಪು ಓಡಿಸುತ್ತಾನೆ, ರಾತ್ರಿ ಹೊತ್ತು ಘಟ್ಟದಲ್ಲೂ ಬಾಡಿಗೆ ಹೊಡೆಯುತ್ತಾನೆ. ಫೋನ್ ಮಾಡಿದರೆ "ಕುಯ್ಲು ಮುಗೀಲಿ ಕಣೋ, ನೋಡೋಣ" ಅಂತಾನೆ.